ಎರಡು ಸಲ ಮಾರಲಾಗದ ಮದ್ದು

(ಭದ್ರಾವತಿಯಲ್ಲಿ ಕಾರ್ಮಿಕರೂ ಅಂಗಡಿಕಾರರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಹೊತ್ತು ಹುಳುಗಳ ವಿಷಯ ಮಾತನಾಡುತ್ತೇನೆಂದು ಹೇಳಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ಕೂಲಿ, ಬೋನಸ್ಸು, ಬೆಲೆಯೇರಿಕೆ ಇವೆಲ್ಲ ತಲೆಯ ಮೇಲಿರುವಾಗ ಹುಳುವಿನ ಮಾತೇಕೆ ಎಂದು ಕೇಳಿದಿರಿ. ನ್ಯಾಯವಾದ ಪ್ರಶ್ನೆಯೇ. ಉತ್ತರ ಬೇಕಾದರೆ ಇಲ್ಲಿಂದ ಹೊರಗೆ ನಾಲ್ಕು ಹೆಜ್ಜೆ ಹೋಗಿ ನೋಡಿ. ರೈಲು ಹಳಿಯ ಪಕ್ಕದಲ್ಲಿ, ಕ್ವಾರ್ಟರ್ಸಿನ ಹಿತ್ತಲಲ್ಲಿ, ಖಾಲಿ ಸೈಟಿನಲ್ಲಿ ಸೊಂಟದೆತ್ತರ ಬೆಳೆದು ಬಿಳಿಯ ಹೂ ಹೊತ್ತು ನಿಂತಿರುವ ಗಿಡ ಯಾವುದು? ಕಾಂಗ್ರೆಸ್ ಗಿಡ. ಈ ಹೆಸರನ್ನು ನಮ್ಮ ಪಕ್ಷದವರು ಇಟ್ಟದ್ದಲ್ಲ, ಜನರೇ ಇಟ್ಟದ್ದು. (ನಗು) ಶಾಸ್ತ್ರಜ್ಞರು ಅದನ್ನು ಪಾರ್ಥೇನಿಯಂ ಎನ್ನುತ್ತಾರೆ.

ಆ ಗಿಡ ಕಿತ್ತವನ ಕೈಗೆ ತುರಿಕೆ. ಕೆಲವರಿಗೆ ಮುಖ, ಕುತ್ತಿಗೆಯ ಚರ್ಮವೇ ದಪ್ಪಗಟ್ಟಿ ಕಪ್ಪಾಗುತ್ತದೆ. ಪರಾಗ ಮೂಗಿಗೆ ಹೋದರೆ ನೆಗಡಿ, ಉಬ್ಬಸ. ಬಂಗಲೆಯ ತೋಟಕ್ಕೆ ಆಳು ಇಟ್ಟುಕೊಂಡವರನ್ನು ಅದು ಅಷ್ಟು ಕಾಡುವುದಿಲ್ಲ. ಹಳಿಯ ಮೇಲೆ, ಚರಂಡಿಯಲ್ಲಿ, ಗದ್ದೆಯ ಬದುವಿನಲ್ಲಿ ದುಡಿಯುವವರ ಮೈಗೇ ಅದು ಹತ್ತುವುದು. ಆದ್ದರಿಂದ ಇದು ನಮ್ಮ ಮಾತು.

1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಇದನ್ನು ಗುರುತಿಸಿದರು. ಅನಂತರ ಕೆಲವೇ ದಶಕಗಳಲ್ಲಿ ಅದು ದೇಶವನ್ನೆಲ್ಲ ಹಬ್ಬಿತು. ಒಂದೊಂದು ಗಿಡ ಹತ್ತು ಸಾವಿರಕ್ಕೂ ಮೇಲೆ ಬೀಜ ಉದುರಿಸುತ್ತದೆ. ಆದರೆ ಇದರ ತವರಾದ ಮೆಕ್ಸಿಕೋ ಕಡೆಯ ನಾಡುಗಳಲ್ಲಿ ಇದು ಹೀಗೆ ಮೆರೆಯುವುದಿಲ್ಲ. ಏಕೆ? ಅಲ್ಲಿ ಅದರ ಎಲೆಯನ್ನು ತಿನ್ನುವ, ಕಾಂಡವನ್ನು ಕೊರೆಯುವ ಹುಳುಗಳಿವೆ, ಅದಕ್ಕೆ ತಗಲುವ ರೋಗಗಳಿವೆ. ಬೀಜ ಹಡಗು ಹತ್ತಿ ಬಂತು, ಶತ್ರುಗಳು ಊರಲ್ಲೇ ಉಳಿದವು. ಹಾಗಾದರೆ ಆ ಶತ್ರುವನ್ನೂ ಕರೆತಂದರೆ ಹೇಗೆ? ಜೈವಿಕ ನಿಯಂತ್ರಣವೆಂಬ ಸಂಶೋಧನೆಯ ಬುಡದಲ್ಲಿರುವ ಪ್ರಶ್ನೆ ಇಷ್ಟೇ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ನಮ್ಮ ಹಿರಿಯರು ಹೇಳಲಿಲ್ಲವೇ?

ನಮ್ಮ ದೇಶದಲ್ಲಿ ಇದರ ಮೊದಲ ಪಾಠ ಆಕಸ್ಮಿಕವಾಗಿ ಬಂದದ್ದು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೆಂಪು ಬಣ್ಣದ ವ್ಯಾಪಾರದ ಆಸೆಯಿಂದ ಬ್ರೆಜಿಲ್ಲಿನಿಂದ ಒಂದು ಹುಳುವನ್ನು ತರಿಸಿದರು. ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳು. ತಂದದ್ದು ತಪ್ಪು ಜಾತಿ. ಒಳ್ಳೆಯ ಬಣ್ಣ ಬರಲಿಲ್ಲ, ಕಂಪನಿಗೆ ಲಾಭವೂ ಬರಲಿಲ್ಲ. ಆದರೆ ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ನೆಲ ಬಿಡಿಸಿಕೊಟ್ಟಿತು. ಉಳಿದ ಜಾತಿಯ ಕಳ್ಳಿಗಳಿಗೆ 1926ರಲ್ಲಿ ಸಿಂಹಳದಿಂದ ಬೇರೆ ಹುಳುವನ್ನು, ಈ ಸಲ ಬೇಕೆಂದೇ, ತರಿಸಿದರು. ದಕ್ಷಿಣದಲ್ಲಿ ಕಳ್ಳಿ ನುಂಗಿದ್ದ ಎಷ್ಟೋ ನೆಲ ಮತ್ತೆ ಬೇಸಾಯಕ್ಕೂ ಮೇವಿಗೂ ಸಿಕ್ಕಿತು.

ಈಗ ಕಾಂಗ್ರೆಸ್ ಗಿಡಕ್ಕೆ ಬರೋಣ. 1983ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿದರು. ಹೆಸರು ಜೈಗೋಗ್ರಾಮ. ಗೋಧಿ ಕಾಳಿಗಿಂತ ದೊಡ್ಡದಲ್ಲ. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆ. ತಂದ ಕೂಡಲೇ ಹೊರಗೆ ಬಿಡಲಿಲ್ಲ. ಮುಚ್ಚಿದ ಕೋಣೆಯಲ್ಲಿ ಸಾಕಿ, ಸುಮಾರು 40 ಜಾತಿಯ ಗಿಡಗಳನ್ನು ಒಂದೊಂದಾಗಿ ಅದರ ಮುಂದಿಟ್ಟು, ಯಾವುದನ್ನು ತಿನ್ನುತ್ತದೆ, ಯಾವುದರ ಮೇಲೆ ಮೊಟ್ಟೆಯಿಟ್ಟು ಸಂಸಾರ ಬೆಳೆಸುತ್ತದೆ ಎಂದು ಪರೀಕ್ಷಿಸಿದರು. 1984ರಲ್ಲಿ ಬಯಲಿಗೆ ಬಿಟ್ಟರು. ಮೊದಲ ಕೆಲವು ವರ್ಷ ಏನೂ ಕಾಣಲಿಲ್ಲ. ಆಮೇಲೆ ಬೆಂಗಳೂರಿನ ಸುತ್ತ ಮಳೆಗಾಲದಲ್ಲಿ ಎಲೆಯೇ ಇಲ್ಲದೆ ನಿಂತ ಪಾರ್ಥೇನಿಯಂ ದಂಟುಗಳು ಕಂಡವು. ಅಲ್ಲಿಂದ ಜೀರುಂಡೆ ತಾನೇ ಹಾರಿ, ತಾನೇ ಹೆಚ್ಚಿ, ರಾಜ್ಯದ ಗಡಿ ದಾಟಿ ಹೋಯಿತು. ಅದಕ್ಕೆ ಯಾರೂ ಟಿಕೆಟ್ಟು ಕೊಡಿಸಲಿಲ್ಲ.

ಹಾಗಾದರೆ ಗಿಡ ಇನ್ನೂ ಏಕಿದೆ ಎಂದು ಕೇಳುತ್ತೀರಿ. ಸುಳ್ಳು ಭರವಸೆ ಕೊಡಲು ನಾನಿಲ್ಲಿ ನಿಂತಿಲ್ಲ. ಮಳೆ ಮುಗಿದ ಮೇಲೆ ಈ ಜೀರುಂಡೆ ಮಣ್ಣೊಳಗೆ ಸೇರಿ ತಿಂಗಳುಗಟ್ಟಲೆ ಮಲಗುತ್ತದೆ. ಕಾಂಗ್ರೆಸ್ ಗಿಡಕ್ಕೆ ಚರಂಡಿಯ ನೀರು, ನಾಲೆಯ ತೇವ ಸಿಕ್ಕರೆ ವರ್ಷವಿಡೀ ಚಿಗುರು. ಹುಳು ಮಲಗಿದಾಗ ಗಿಡ ಬೀಜ ಕಟ್ಟುತ್ತದೆ. ಆದ್ದರಿಂದ ಹುಳು ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ನಮ್ಮದು, ನಗರಸಭೆಯದು, ರೈಲ್ವೆಯವರದು.

ಇನ್ನೊಂದು ಪ್ರಸಂಗವನ್ನೂ ಮುಚ್ಚಿಡಬಾರದು. 1990ರ ದಶಕದ ಆರಂಭದಲ್ಲಿ ಈ ಜೀರುಂಡೆ ಸೂರ್ಯಕಾಂತಿಯ ಎಲೆ ಕಡಿಯುತ್ತಿದೆ ಎಂಬ ಕೂಗೆದ್ದಿತು. ರೈತರು ಹೆದರಿದ್ದು ಸಹಜ. ಸರ್ಕಾರ ಹೊಸದಾಗಿ ಹುಳು ಬಿಡುವುದನ್ನು ತಡೆದು ಸಮಿತಿ ನೇಮಿಸಿತು. ಎರಡೂ ಒಂದೇ ಸಸ್ಯಕುಟುಂಬದ ಗಿಡಗಳು. ಪಕ್ಕದಲ್ಲಿದ್ದ ಪಾರ್ಥೇನಿಯಂ ಹೂವಿನ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಉದುರಿದಾಗ, ಆ ವಾಸನೆಗೆ ಮೋಸಹೋಗಿ ಹುಳು ಬಾಯಿಹಾಕುತ್ತದೆಂದು ವಿಜ್ಞಾನಿಗಳು ತೋರಿಸಿದರು. ಸೂರ್ಯಕಾಂತಿಯ ಬೆಳೆಗೆ ಅಪಾಯವಿಲ್ಲವೆಂದು ತೀರ್ಮಾನವಾಯಿತು. ನಾನು ಇದನ್ನು ಹೇಳುವುದು ವಿಜ್ಞಾನಿಗಳನ್ನು ಹೊಗಳುವುದಕ್ಕಲ್ಲ. ರೈತ ಕೇಳಿದ, ಕೆಲಸ ನಿಂತಿತು, ತನಿಖೆಯಾಯಿತು, ಉತ್ತರ ಬಂತು. ಸಾರ್ವಜನಿಕ ಹಣದ ಕೆಲಸ ಹೀಗೆಯೇ ನಡೆಯಬೇಕು.

ಪರೀಕ್ಷೆಯಿಲ್ಲದೆ ನಡೆದರೆ ಏನಾಗುತ್ತದೆ? 1935ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನವರು ಕಬ್ಬಿನ ಹುಳು ತಿನ್ನಲೆಂದು ಹವಾಯಿಯಿಂದ ದೊಡ್ಡ ಕಪ್ಪೆಗಳನ್ನು ತಂದು ಬಿಟ್ಟರು. ಕಪ್ಪೆಗಳು ಕಬ್ಬಿನ ಹುಳುವನ್ನು ಕಡಿಮೆ ಮಾಡಲಿಲ್ಲ. ತಾವೇ ಕೋಟಿಗಟ್ಟಲೆ ಹೆಚ್ಚಿ, ಮೈಯ ವಿಷದಿಂದ ಅಲ್ಲಿಯ ಪ್ರಾಣಿಗಳನ್ನು ಕೊಂದು, ಇಂದಿಗೂ ಆ ದೇಶಕ್ಕೆ ಪೀಡೆಯಾಗಿವೆ. ಅದೇ ಆಸ್ಟ್ರೇಲಿಯದವರು ಮುಂದೆ ತಾಳ್ಮೆಯ ಫಲವನ್ನೂ ಕಂಡರು. ಸಾಲ್ವೀನಿಯ ಎಂಬ ತೇಲುಗಳೆ ಕೆರೆ ಕಾಲುವೆಗಳನ್ನು ಚಾಪೆಯಂತೆ ಮುಚ್ಚುತ್ತದೆ. ಅದನ್ನು ತಪ್ಪಾಗಿ ಗುರುತಿಸಿದ್ದರಿಂದ ಮೊದಲು ಬಿಟ್ಟ ಹುಳುಗಳು ಕೆಲಸ ಮಾಡಲಿಲ್ಲ. ಗಿಡದ ಸರಿಯಾದ ತವರು ಬ್ರೆಜಿಲ್ಲಿನ ಆಗ್ನೇಯ ಭಾಗವೆಂದು 1970ರ ದಶಕದಲ್ಲಿ ಪತ್ತೆಯಾಯಿತು. ಅಲ್ಲಿ ಸಿಕ್ಕ ಚಿಕ್ಕ ಮೂತಿಹುಳುವನ್ನು 1980ರಲ್ಲಿ ಆಸ್ಟ್ರೇಲಿಯದ ಒಂದು ಸರೋವರಕ್ಕೆ ಬಿಟ್ಟರು. ಕಳೆ ಮುಳುಗಿತು. ಅದೇ ಹುಳು ಬೆಂಗಳೂರಿಗೆ ಬಂದು ಒಂದು ತಾವರೆಗೊಳವನ್ನು ವರ್ಷದೊಳಗೆ ತಿಳಿಮಾಡಿತು. ಕೇರಳದಲ್ಲಿ ದೋಣಿ ಓಡದಂತಾಗಿದ್ದ ಕಾಲುವೆಗಳನ್ನು ಬಿಡಿಸಿತು. ಶತ್ರು ಯಾರೆಂದು ಸರಿಯಾಗಿ ಗುರುತಿಸದೆ ಹೋರಾಟಕ್ಕೆ ಇಳಿಯಬಾರದು. ಸಂಘದ ಕೆಲಸ ಮಾಡಿದ ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಸೋತ ಲೆಕ್ಕವೂ ಇದೆ. ಲಂಟಾನದ ಬೀಜ ತಿನ್ನುವ ನೊಣವನ್ನು 1921ರಲ್ಲೇ ಹವಾಯಿಯಿಂದ ತಂದರು. ಲಂಟಾನದ ಪೊದೆ ನಮ್ಮ ಕಾಡಿನಂಚುಗಳಲ್ಲಿ ಇಂದಿಗೂ ಹಾಗೆಯೇ ನಿಂತಿದೆ.

ವ್ಯಾಪಾರಿ ಬಂಧುಗಳಿಗೆ ಪರಂಗಿ ಹಣ್ಣಿನ ಕತೆ ಹೇಳುತ್ತೇನೆ. 2008ರಲ್ಲಿ ಕೊಯಮತ್ತೂರಿನಲ್ಲಿ ಹೊರದೇಶದ ಒಂದು ಹಿಟ್ಟು ತಿಗಣೆ ಕಾಣಿಸಿತು. ಪರಂಗಿ ಗಿಡ ಬಿಳಿಯ ಹಿಟ್ಟು ಬಳಿದಂತಾಗಿ ಒಣಗಿತು, ಹಿಪ್ಪುನೇರಳೆಗೂ ಹತ್ತಿತು, ಕರ್ನಾಟಕಕ್ಕೂ ಬಂತು. ರೈತರು ಸಾಲ ತಂದು ಔಷಧಿ ಹೊಡೆದರು. ಮೈಮೇಲಿನ ಮೇಣದ ಹೊದಿಕೆಯೊಳಗೆ ತಿಗಣೆ ಬದುಕಿಕೊಂಡಿತು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೇಂದ್ರ ಸಂಸ್ಥೆಯವರು ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿದರು. ಕಣಜವೆಂದರೆ ಕಚ್ಚುವ ಕಣಜವಲ್ಲ, ಚುಕ್ಕೆಯಷ್ಟು ಜೀವ. ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿಂದು ಹೊರಬರುತ್ತದೆ. ಅವುಗಳಲ್ಲಿ ಒಂದು ಜಾತಿ ಚೆನ್ನಾಗಿ ನೆಲೆನಿಂತಿತು. ಸುಮಾರು ಒಂದು ವರ್ಷದಲ್ಲಿ ತೋಟಗಳು ಚೇತರಿಸಿಕೊಂಡವು.

ಈಗ ನನ್ನ ಮುಖ್ಯ ಮಾತು. ಆ ಕಣಜವನ್ನು ರೈತ ಎಷ್ಟು ಕೊಟ್ಟು ಕೊಂಡ? ಒಂದು ಕಾಸೂ ಕೊಡಲಿಲ್ಲ. ಒಮ್ಮೆ ಬಿಟ್ಟರೆ ಅದು ಪಕ್ಕದವನ ತೋಟಕ್ಕೂ ಹಾರುತ್ತದೆ, ಮುಂದಿನ ವರ್ಷವೂ ಇರುತ್ತದೆ. ಎರಡನೆಯ ಸಲ ಮಾರಲಾಗದ ಮದ್ದನ್ನು ಯಾವ ಕಂಪನಿ ತಯಾರಿಸುತ್ತದೆ? ಅಂಗಡಿ ನಡೆಸುವ ನೀವೇ ಹೇಳಿ. ಒಮ್ಮೆ ಕೊಂಡ ಗಿರಾಕಿ ಮತ್ತೆಂದೂ ಬರದ ಸರಕನ್ನು ನೀವು ಇಡುತ್ತೀರಾ? ಇದರಲ್ಲಿ ಯಾರನ್ನೂ ಬೈಯುವ ಮಾತಿಲ್ಲ, ಲೆಕ್ಕವೇ ಹಾಗಿದೆ. ಆದ್ದರಿಂದಲೇ ಈ ಕೆಲಸ ಸಾರ್ವಜನಿಕ ಸಂಸ್ಥೆಯಿಂದ ಆಗಬೇಕು. ಬೆಂಗಳೂರಿನಲ್ಲಿ 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಆರಂಭವಾಯಿತು. 1977ರಲ್ಲಿ ಅಖಿಲ ಭಾರತ ಯೋಜನೆ ಬಂತು. 1993ರಲ್ಲಿ ಅದಕ್ಕೆ ನಿರ್ದೇಶನಾಲಯವಾಯಿತು. ಅಷ್ಟು ದಶಕಗಳ ಸಂಬಳ, ಗಾಜಿನ ಮನೆ, ಪುಸ್ತಕ, ಅನುಭವ ಇದ್ದದ್ದರಿಂದ 2010ರಲ್ಲಿ ಕಣಜವನ್ನು ತಂದು ಸಾಕಿ ಹಂಚುವ ಕೈಗಳು ಸಿದ್ಧವಾಗಿದ್ದವು. ಸಂಶೋಧನೆಗೆ ಹಣ ವ್ಯರ್ಥ ಎಂದು ಆಯವ್ಯಯದಲ್ಲಿ ಕತ್ತರಿ ಆಡಿಸುವವರು ಇದನ್ನು ನೆನೆಯಬೇಕು.

ಮಾರಬಹುದಾದ ಬಗೆಯೂ ಒಂದಿದೆ. ಅಕ್ಕಿ ಮೂಟೆಯೊಳಗೆ ಕಾಳುಗಳನ್ನು ಬಲೆಕಟ್ಟಿ ಅಂಟಿಸುವ ಹುಳು ನಿಮಗೆ ಗೊತ್ತು. ಪ್ರಯೋಗಶಾಲೆಯವರು ಆ ಹುಳುವನ್ನೇ ಜೋಳ, ಸಜ್ಜೆಯ ನುಚ್ಚಿನಲ್ಲಿ ಬೇಕೆಂದು ಸಾಕುತ್ತಾರೆ! ಅದರ ಪತಂಗದ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ, ಟ್ರೈಕೋಗ್ರಾಮವೆಂಬ ಕಣಜಕ್ಕೆ ಒಡ್ಡುತ್ತಾರೆ. ಒಂದು ಪುಟ್ಟ ರಟ್ಟಿನಿಂದ ಸಾವಿರಾರು ಕಣಜಗಳು ಹೊರಟು ಕಬ್ಬು ಕೊರೆಯುವ ಹುಳುವಿನ ಮೊಟ್ಟೆಗಳನ್ನು ಹುಡುಕಿ ನಾಶಮಾಡುತ್ತವೆ. ಮೈಸೂರು ಸಂಸ್ಥಾನದಲ್ಲಿ 1930ರ ದಶಕದಲ್ಲೇ ಇದನ್ನು ಮಾಡಿ ನೋಡಿದ್ದರು. ಈ ರಟ್ಟನ್ನು ಮತ್ತೆ ಮತ್ತೆ ಕಟ್ಟಬೇಕಾದ್ದರಿಂದ ಇದಕ್ಕೆ ಮಾರುಕಟ್ಟೆಯುಂಟು, ಕಲಬೆರಕೆಯ ಭಯವೂ ಉಂಟು. ಕಾಳುಮೆಣಸಿನ ಸೊರಗು ರೋಗಕ್ಕೆ ಬೇವಿನ ಹಿಂಡಿ, ಗೊಬ್ಬರದೊಡನೆ ಬೆರೆಸುವ ಟ್ರೈಕೋಡರ್ಮ ಶಿಲೀಂಧ್ರದ ಪುಡಿಯೂ ಹೀಗೆಯೇ. ಅದರಲ್ಲಿರುವುದು ಜೀವ. ಬಿಸಿಲಿಗೆ ಇಟ್ಟರೆ, ಅವಧಿ ಮೀರಿದರೆ ಸತ್ತ ಪುಡಿ. ಮಾರುವವರು ಲಕೋಟೆಯ ಮೇಲಿನ ದಿನಾಂಕ ನೋಡಿ ಮಾರಿ. ಕೊಳ್ಳುವವರು ನೋಡಿ ಕೊಳ್ಳಿ.

ನಮ್ಮ ಮಲೆನಾಡಿಗೆ ವಿಜ್ಞಾನದ ನೆರವು ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಹಿಂದೆ ಕೊನೆಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದರು. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಆ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು; ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಬಂತು. ಅದು ರಾಸಾಯನಿಕ ಮದ್ದು. ಸುರಿಮಳೆಯಲ್ಲಿ ಇಂದಿಗೂ ರೈತ ನೆಚ್ಚಿರುವುದು ಅದನ್ನೇ. ಆದ್ದರಿಂದ ಎಲ್ಲ ಔಷಧಿಯನ್ನೂ ಬಿಸಾಡಿ ಎಂದು ನಾನು ಹೇಳುವುದಿಲ್ಲ. ಅಳತೆ ಮೀರಿ, ಕಂಡ ಹುಳುವನ್ನೆಲ್ಲ ಕೊಲ್ಲುವಂತೆ ಹೊಡೆದರೆ ನಮ್ಮ ಪರವಾಗಿ ದುಡಿಯುವ ಹುಳುವೂ ಸಾಯುತ್ತದೆ. ಆಮೇಲೆ ಮತ್ತಷ್ಟು ಔಷಧಿ, ಮತ್ತಷ್ಟು ಸಾಲ.

ಹಾಗಾದರೆ ನಾವೇನು ಮಾಡಬೇಕು? ಮಳೆ ಬಿದ್ದ ಮೇಲೆ ಕಾಂಗ್ರೆಸ್ ಗಿಡದ ಮೇಲೆ ಗೆರೆಬೆನ್ನಿನ ಜೀರುಂಡೆ ಕಂಡರೆ ಕೊಲ್ಲಬೇಡಿ, ಅಲ್ಲಿ ಔಷಧಿ ಹೊಡೆಸಬೇಡಿ. ಅದಿಲ್ಲದ ಕಡೆ ಹೂ ಬಿಡುವ ಮೊದಲೇ ಗಿಡವನ್ನು ಬೇರುಸಹಿತ ಕೀಳಬೇಕು. ಬರಿಗೈಯಿಂದ ಕೀಳುವುದು ಬೇಡ. ಪೌರಕಾರ್ಮಿಕರಿಗೆ ಕೈಗವಸು, ಮೂಗಿನ ಬಟ್ಟೆ ಕೊಡದೆ ಈ ಗಿಡ ಕೀಳಿಸುವುದು ಅನ್ಯಾಯ; ನಗರಸಭೆಯಲ್ಲಿ ನಾವು ಅದನ್ನು ಕೇಳಲೇಬೇಕು. ಶಿವಮೊಗ್ಗದ ನವುಲೆಯಲ್ಲಿ ಕೃಷಿ ಕಾಲೇಜಿದೆ. 2012ರಲ್ಲಿ ಜಿಲ್ಲೆಗೆ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಬಂತು. ಅದು ನಮ್ಮ ತೆರಿಗೆಯ ಹಣದಿಂದ ನಡೆಯುವ ಸಂಸ್ಥೆ. ಅಲ್ಲಿಗೆ ಹೋಗಿ ಕೇಳಲು ಸಂಕೋಚ ಬೇಡ. ರೋಗದ ಎಲೆ, ಗುರುತು ತಿಳಿಯದ ಹುಳು ಇದ್ದರೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ.

ಇಂದು ಮನೆಗೆ ಹೋಗುವಾಗ ಹಳಿಯ ಪಕ್ಕದ ಆ ಗಿಡವನ್ನು ಒಮ್ಮೆ ನೋಡಿ. ಅದರ ಎಲೆಯಲ್ಲಿ ತೂತುಗಳಿದ್ದರೆ, ಅಲ್ಲೊಂದು ಜೀವ ಸಂಬಳವಿಲ್ಲದೆ ನಮ್ಮ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.