ಪಟ್ಟಿಯಲ್ಲಿಲ್ಲದ ಒಂದು ಹೆಸರು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸ್ಮರಣ ಸಂಚಿಕೆಗಾಗಿ ಮಾಡಿದ ಸಾಧಕ ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಸಮಿತಿಯವರು ನನಗೆ ತೋರಿಸಿದರು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿದ್ದಕ್ಕೆ ನನ್ನ ಹೆಸರೂ ಅದರಲ್ಲಿದೆ. ಸಂತೋಷ. ಆದರೆ ನನ್ನದೇ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬನ ಹೆಸರಿಲ್ಲ. ಅವನು ಸೈನ್ಯ ಸೇರಿದ. ಗಡಿಯ ಎತ್ತರದ ಠಾಣೆಗಳಲ್ಲಿ ದುಡಿದ. ಕಾಯಿಲೆ ಹೊತ್ತು ಊರಿಗೆ ಬಂದು, ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಉತ್ತರಕ್ರಿಯೆಯ ದಿನ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಯುದ್ಧದಲ್ಲಿ ಹೋದದ್ದಾ?" "ಅಲ್ಲ, ಸೌಖ್ಯ ಇಲ್ಲದೆ" ಎಂದೆ. "ಹೌದಾ" ಎಂದು ಅವರು ಸುಮ್ಮನಾದರು. ನಾನೂ ಸುಮ್ಮನಾದೆ.

ಅಂದು ನಾನು ಹೇಳಬೇಕಿದ್ದದ್ದು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ವಿಷಯ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು. ಪಕ್ಕದ ಊರಿನ ಹೈಸ್ಕೂಲಿಗೆ ನಡೆದುಕೊಂಡೇ ಹೋಗಿ ಓದಿದವರು. 2002ರಲ್ಲಿ ಸೈನ್ಯಕ್ಕೆ ಸೇರಿದರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. 19ನೇ ಮದ್ರಾಸ್ ಬೆಟಾಲಿಯನ್ನಿನ 10 ಮಂದಿ ಅದರಡಿ ಸಿಲುಕಿದರು. ಹಾಸನದ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್ ಸಹ ಅವರಲ್ಲಿದ್ದರು. ಆರನೆಯ ದಿನ ಹಿಮ ಅಗೆದಾಗ ಹನುಮಂತಪ್ಪ ಒಬ್ಬರಲ್ಲಿ ಮಾತ್ರ ಉಸಿರಿತ್ತು.

ಆಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ಎರಡು ದಿನ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೋಮಾದಲ್ಲಿದ್ದರು. ನ್ಯುಮೋನಿಯಾ ಆಗಿತ್ತು, ಮೂತ್ರಪಿಂಡ ಮತ್ತು ಯಕೃತ್ತು ಸೋತಿದ್ದವು. ತಣ್ಣಗಾದ ಅಂಗಗಳಿಗೆ ಮತ್ತೆ ರಕ್ತ ಹರಿಯುವಾಗಲೂ ಅಪಾಯವಿದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

ಮಕ್ಕಳೇ, ಯಾವ ಗುಂಡೂ ಅವರಿಗೆ ತಾಗಿರಲಿಲ್ಲ. ಸಿಯಾಚಿನ್‌ನಲ್ಲಿ 1984ರಿಂದ ನಮ್ಮ ಸೈನಿಕರಿದ್ದಾರೆ. 2003ರ ಕದನವಿರಾಮದ ನಂತರವೂ ಅಲ್ಲಿ ಸಾವು ನಿಲ್ಲಲಿಲ್ಲ. ಸಮುದ್ರದ ಬದಿಯ ನಮ್ಮ ಮಂಗಳೂರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಸುಮಾರು ಅರ್ಧ ಮಾತ್ರ ಅಲ್ಲಿ ಸಿಗುತ್ತದೆ. ಚಳಿ, ಎತ್ತರ, ಹಿಮ ಇವೇ ಅಲ್ಲಿನ ವೈರಿಗಳು. ಹನುಮಂತಪ್ಪನವರಿಗೆ ಮರಣೋತ್ತರವಾಗಿ ಸೇನಾ ಪದಕ ಸಂದಿತು. ಗುಂಡಿಗೆ ಸತ್ತರೋ ಕಾಯಿಲೆಗೆ ಸತ್ತರೋ ಎಂದು ದೇಶ ಭೇದ ಮಾಡಲಿಲ್ಲ. ನಾವೇಕೆ ಮಾಡಬೇಕು?

ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಸೈನ್ಯಕ್ಕೆ ಹೋದವರೆಲ್ಲರ ಹೆಸರು ಸಂಚಿಕೆಯಲ್ಲಿ ಬರಲಿ. ಪದಕ ತಂದವರು, ಪಿಂಚಣಿ ಪಡೆದು ಬಂದವರು, ಕಾಯಿಲೆ ಹೊತ್ತು ಬಂದವರು, ಎಲ್ಲರೂ ಇರಲಿ. ಜಾಗ ಸಾಲದಿದ್ದರೆ ನನ್ನ ಹೆಸರು ತೆಗೆಯಿರಿ, ಬೇಸರವಿಲ್ಲ.

ನನ್ನ ಗೆಳೆಯನ ಹೆಸರನ್ನು ನಾನು ಇಲ್ಲಿ ಹೇಳಿಲ್ಲ. ಅವನ ಅಮ್ಮನ ಒಪ್ಪಿಗೆ ಬೇಕು. ಈ ಕಾರ್ಯಕ್ರಮ ಮುಗಿದ ಕೂಡಲೇ ಅವರ ಮನೆಗೆ ಹೋಗುತ್ತೇನೆ. ಹೋಗದೆ ಬಹಳ ವರ್ಷವಾಯಿತು.