ಬೈಬಲ್ಲಿಗೆ ಇಷ್ಟೊಂದು ಪಾಠಗಳೇಕೆ?

(ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ವಾರ ಗಿರಣಿಯ ಗೇಟಿನೆದುರಿನ ಚಹದಂಗಡಿಯಲ್ಲಿ ನಡೆದ ಮಾತು ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ಇಬ್ಬರು ಕ್ರೈಸ್ತ ಗೆಳೆಯರು, ಒಬ್ಬರು ಕ್ಯಾಥೊಲಿಕರು, ಇನ್ನೊಬ್ಬರು ಪ್ರಾಟೆಸ್ಟೆಂಟರು, ಬೈಬಲಿನಲ್ಲಿ ಎಷ್ಟು ಪುಸ್ತಕಗಳಿವೆ ಎಂದು ವಾದಕ್ಕೆ ಬಿದ್ದರು. ಒಬ್ಬರು 73 ಎಂದರು, ಇನ್ನೊಬ್ಬರು 66. ಪಕ್ಕದಲ್ಲಿ ಕೂತಿದ್ದವರೊಬ್ಬರು ನಕ್ಕು, “ದೇವರ ಮಾತು ಒಂದೇ ಆದರೆ ಪುಸ್ತಕ ಎರಡು ಯಾಕ್ರೀ? ಒಂದು ಖೋಟಾ ಇರಬೇಕು” ಅಂದುಬಿಟ್ಟರು. ಆಮೇಲೆ ನಡೆದದ್ದನ್ನು ಇಲ್ಲಿ ಹೇಳುವುದು ಬೇಡ. ಒಂದೇ ಸಾಲಿನ ಯಂತ್ರಗಳ ಮುಂದೆ ನಿಲ್ಲುವ ಮೂವರು ಮಾತು ಬಿಟ್ಟರು. ಬೋನಸ್ಸಿನ ಅರ್ಜಿಗೆ ಸಹಿ ಕೂಡಿಸುವ ವಾರದಲ್ಲೇ ಹೀಗಾಯಿತು.

ಈ ವಿಷಯದ ಮೇಲೆಯೇ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ನಾವು ಹಿಂಜರಿದೆವು. ನಾವು ಪಾದ್ರಿಯಲ್ಲ, ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಶಾಲೆಯಲ್ಲಿ ಹುಡುಗರ ಕಾಗುಣಿತ ತಿದ್ದಿದವರು. ಆದರೆ ಯೋಚಿಸಿ ನೋಡಿದಾಗ, ಈ ಪ್ರಶ್ನೆಯ ಅರ್ಧ ಉತ್ತರ ಕಾಗುಣಿತ ತಿದ್ದಿದವರಿಗೆ ತಿಳಿಯುವಂಥದು, ಇನ್ನರ್ಧ ಕೂಲಿ ದುಡಿದವರಿಗೆ ತಿಳಿಯುವಂಥದು ಎನ್ನಿಸಿತು.

ಮೊದಲು ಭಾಷೆಯ ಮಾತು. ಬೈಬಲೆಂಬುದು ಒಂದು ಪುಸ್ತಕವಲ್ಲ, ಪುಸ್ತಕಗಳ ಕಟ್ಟು. ಹಳೆಯ ಒಡಂಬಡಿಕೆಯ ಬಹುಭಾಗ ಯೆಹೂದ್ಯರ ಹೀಬ್ರೂ ಭಾಷೆಯಲ್ಲಿದೆ, ಸ್ವಲ್ಪ ಅರಾಮಿಕ್ ಭಾಷೆಯಲ್ಲಿದೆ. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯದು. ಅದೂ ತತ್ವಜ್ಞಾನಿಗಳ ಪ್ರೌಢ ಗ್ರೀಕ್ ಅಲ್ಲ. ಬಂದರಿನಲ್ಲಿ, ಸಂತೆಯಲ್ಲಿ, ದಂಡಿನಲ್ಲಿ ಜನ ಆಡುತ್ತಿದ್ದ ಗ್ರೀಕ್. ಯೇಸು ಆಡುತ್ತಿದ್ದದ್ದಾದರೋ ಅರಾಮಿಕ್. ಆತ ಗಲಿಲಾಯದ ಬೆಸ್ತರ ಮುಂದೆ ಆಡಿದ ಮಾತು ಗ್ರಂಥಕ್ಕೆ ಏರುವಾಗಲೇ ಬೇರೊಂದು ಭಾಷೆಗೆ ತಿರುಗಿತ್ತು. ಮೂಲ ಅರಾಮಿಕ್ ಶಬ್ದಗಳು ಅಲ್ಲೊಂದು ಇಲ್ಲೊಂದು ಉಳಿದಿವೆ, ಅಷ್ಟೆ. ಹೀಗಿರುವಾಗ ಅನುವಾದವಾದ ಮಾತ್ರಕ್ಕೆ ಪುಸ್ತಕ ಕೆಟ್ಟಿತೆಂದು ಯಾರು ಹೇಳಬಲ್ಲರು?

ಕ್ರಿಸ್ತನಿಗಿಂತ ಮುಂಚೆಯೇ, ಕ್ರಿ.ಪೂ. 3ನೆಯ ಶತಮಾನದಿಂದ, ಈಜಿಪ್ಟಿನ ಅಲೆಕ್ಸಾಂಡ್ರಿಯದ ಯೆಹೂದ್ಯರು ತಮ್ಮ ಗ್ರಂಥವನ್ನು ಗ್ರೀಕಿಗೆ ತಂದುಕೊಳ್ಳತೊಡಗಿದ್ದರು. ಊರು ಬಿಟ್ಟು ಹೋದವರ ಮಕ್ಕಳಿಗೆ ತಾಯ್ನುಡಿ ಮರೆತಿತ್ತು. ಈ ಗ್ರೀಕ್ ಕಟ್ಟಿನಲ್ಲಿ ಹೀಬ್ರೂ ಕಟ್ಟಿಗಿಂತ ಕೆಲವು ಪುಸ್ತಕಗಳು ಹೆಚ್ಚಿಗೆ ಸೇರಿಕೊಂಡವು. ನಮ್ಮ ಚಹದಂಗಡಿಯ ಜಗಳದ ಬೇರು ಇದೇ. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನೂ ಅವನ ಹಿಂದೆ ಪ್ರಾಟೆಸ್ಟೆಂಟರೂ ಹೀಬ್ರೂ ಪಟ್ಟಿಯನ್ನು ಹಿಡಿದರು. ಕ್ಯಾಥೊಲಿಕ್ ಸಭೆ 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಉದ್ದನೆಯ ಪಟ್ಟಿಯನ್ನು ಖಚಿತಪಡಿಸಿತು. ಇಥಿಯೋಪಿಯದ ಪುರಾತನ ಚರ್ಚಿನವರು 81 ಎಣಿಸುತ್ತಾರೆ. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ನಮ್ಮ ಇಬ್ಬರು ಗೆಳೆಯರಿಗೂ ಭೇದವಿಲ್ಲ. ಇಬ್ಬರ ಎಣಿಕೆಯೂ ಸರಿ, ಖೋಟಾ ಯಾರದೂ ಅಲ್ಲ.

ಇನ್ನು ನಕಲು ಮಾಡುವ ಮಾತು. ಅಚ್ಚು ಬರುವ ತನಕ ಸಾವಿರದ ನಾನೂರು ವರ್ಷ ಈ ಗ್ರಂಥ ಕೈಬರಹದಲ್ಲೇ ನಡೆಯಿತು. ಕೀರ್ದಿಯಿಂದ ಖಾತೆಗೆ ಏರಿಸುವಾಗ ಒಂದು ಸಾಲು ಬಿಟ್ಟುಹೋಗುವುದು ವ್ಯಾಪಾರಿ ಬಂಧುಗಳಿಗೆ ಹೊಸದಲ್ಲ. ನಾವು ಶಾಲೆಯಲ್ಲಿ ಉಕ್ತಲೇಖನ ಕೊಟ್ಟಾಗ ನಲವತ್ತು ಹುಡುಗರು ನಲವತ್ತು ಬಗೆಯಲ್ಲಿ ಬರೆಯುತ್ತಿದ್ದರು. ನಮ್ಮ ಕೈಯ ಪುಸ್ತಕ ಕಳೆದುಹೋದರೂ ಆ ನಲವತ್ತು ಪಾಟಿಗಳನ್ನು ಒಟ್ಟಿಗಿಟ್ಟು ನೋಡಿದರೆ ಮೂಲದ ಪಾಠ ಬಹುಮಟ್ಟಿಗೆ ಸಿಕ್ಕೇ ಸಿಗುತ್ತಿತ್ತು. ಎಲ್ಲರೂ ಒಂದೇ ಕಡೆ ತಪ್ಪುವುದಿಲ್ಲವಲ್ಲ. ಇಬ್ಬರು ಒಂದೇ ಕಡೆ ಒಂದೇ ತಪ್ಪು ಮಾಡಿದ್ದರೆ, ಒಬ್ಬ ಇನ್ನೊಬ್ಬನ ಪಾಟಿ ಇಣುಕಿ ನೋಡಿದ್ದಾನೆ ಎಂದು ತಿಳಿಯುತ್ತಿತ್ತು. ಬೈಬಲಿನ ವಿದ್ವಾಂಸರು ಮಾಡುವುದೂ ಈ ಕೆಲಸವನ್ನೇ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳೇ ಐದು ಸಾವಿರಕ್ಕೂ ಮೇಲೆ ಇವೆ. ಪಾಠಾಂತರಗಳಲ್ಲಿ ಬಹುಪಾಲು ಬರಿಯ ಕಾಗುಣಿತದ್ದು, ಪದಗಳ ಹಿಂದುಮುಂದಿನದ್ದು. ಕೆಲವು ಮಾತ್ರ ದೊಡ್ಡವು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲೆಸೆದು ಕೊಲ್ಲಹೊರಟವರನ್ನು ಯೇಸು ತಡೆದ ಕಥೆ ನಿಮಗೆ ಗೊತ್ತಿರಬಹುದು. ಅತ್ಯಂತ ಹಳೆಯ ಪ್ರತಿಗಳಲ್ಲಿ ಅದು ಇಲ್ಲ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳೂ ಇಲ್ಲ. ಈಚಿನ ಬೈಬಲುಗಳು ಇಂಥ ಭಾಗಗಳಿಗೆ ಆವರಣ ಚಿಹ್ನೆ ಹಾಕಿಯೋ ಕೆಳಗೆ ಟಿಪ್ಪಣಿ ಕೊಟ್ಟೋ ಅಚ್ಚು ಹಾಕುತ್ತವೆ. ಇದು ಪ್ರಾಮಾಣಿಕತೆ.

ಹಳೆಯ ಪ್ರತಿ ಸಿಕ್ಕಿದಂತೆಲ್ಲ ಹೊಸ ಪರಿಷ್ಕರಣ ಬೇಕಾಗುತ್ತದೆ. ಸಿನಾಯ್ ಬೆಟ್ಟದ ಕೆಳಗಿನ ಮಠದಲ್ಲಿದ್ದ 4ನೆಯ ಶತಮಾನದ ಪ್ರತಿ 19ನೆಯ ಶತಮಾನದಲ್ಲಿ ಬೆಳಕಿಗೆ ಬಂತು. ಅದರ ಬಹುಭಾಗವನ್ನು ಸೋವಿಯತ್ ಸರ್ಕಾರ 1933ರಲ್ಲಿ ಒಂದು ಲಕ್ಷ ಪೌಂಡಿಗೆ ಇಂಗ್ಲೆಂಡಿಗೆ ಮಾರಿತು. 1947ರ ಸುಮಾರಿಗೆ ಮೃತಸಮುದ್ರದ ದಂಡೆಯ ಗವಿಯಲ್ಲಿ ಕುರಿ ಕಾಯುವವರಿಗೆ ಸಿಕ್ಕ ಸುರುಳಿಗಳು, ಅಲ್ಲಿಯ ತನಕ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯವು.

ಅಚ್ಚು ಬಂದ ಮೇಲೆ ತಪ್ಪು ನಿಂತಿತೆಂದು ತಿಳಿಯಬೇಡಿ. 1631ರಲ್ಲಿ ಲಂಡನ್ನಿನ ರಾಜಮುದ್ರಕರು ಅಚ್ಚು ಹಾಕಿದ ಬೈಬಲಿನ ದಶಾಜ್ಞೆಗಳಲ್ಲಿ ‘ಬಾರದು’ ಎಂಬ ಒಂದೇ ಮಾತು ಬಿಟ್ಟುಹೋಗಿ, ವ್ಯಭಿಚಾರ ಮಾಡಬೇಕೆಂದು ದೇವರೇ ಅಪ್ಪಣೆ ಕೊಟ್ಟಂತಾಯಿತು. ಮುನ್ನೂರು ಪೌಂಡ್ ದಂಡ ಬಿತ್ತು. ನಮ್ಮ ವಾರಪತ್ರಿಕೆಯ ಮೊಳೆ ಜೋಡಿಸುವವರನ್ನು ಬಯ್ಯುವ ಮುನ್ನ ಇದನ್ನು ನೆನೆಯಿರಿ.

ಈಗ ಇನ್ನರ್ಧದ ಮಾತು. 382ರಲ್ಲಿ ರೋಮಿನ ಧರ್ಮಗುರು ದಮಾಸಸ್ ಜೆರೋಮನೆಂಬ ವಿದ್ವಾಂಸನಿಗೆ ಲ್ಯಾಟಿನ್ ಪಾಠವನ್ನು ತಿದ್ದಲು ಹೇಳಿದ. ಹಳೆಯ ಅನುವಾದದಲ್ಲಿ ಯೋನನ ತಲೆಗೆ ನೆರಳು ಕೊಟ್ಟದ್ದು ಸೋರೆಯ ಬಳ್ಳಿ ಎಂದಿತ್ತು. ಜೆರೋಮ್ ಅದನ್ನು ಬೇರೆ ಬಳ್ಳಿ ಮಾಡಿದ. ಉತ್ತರ ಆಫ್ರಿಕದ ಒಂದು ಊರಿನಲ್ಲಿ ಅದನ್ನು ಓದಿದಾಗ ಜನ ದೊಂಬಿ ಎಬ್ಬಿಸಿದರೆಂದು ಸಂತ ಅಗಸ್ಟೀನ್ ಕಾಗದದಲ್ಲಿ ಬರೆದಿದ್ದಾನೆ. ನಗಬೇಡಿ; ಬಾಯಿಪಾಠ ಬಂದ ಮಾತನ್ನು ಬದಲಿಸಿದರೆ ಯಾರಿಗೂ ನೋಯುತ್ತದೆ. ಜೆರೋಮನ ಪಾಠಕ್ಕೆ ಮುಂದೆ ಬಂದ ಹೆಸರಿನ ಅರ್ಥವೇ ಜನಬಳಕೆಯದು ಎಂದು. ಆದರೆ ಸಾವಿರ ವರ್ಷ ಕಳೆಯುವಷ್ಟರಲ್ಲಿ ಜನ ಲ್ಯಾಟಿನ್ ಆಡುವುದನ್ನು ಬಿಟ್ಟಿದ್ದರು. ಜನರ ಪುಸ್ತಕ ಮಠದ ಪುಸ್ತಕವಾಗಿ ಕೂತಿತು.

ಇಂಗ್ಲೆಂಡಿನಲ್ಲಿ ವಿಕ್ಲಿಫ್ ಮತ್ತು ಅವನ ಕಡೆಯವರು 1380ರ ದಶಕದಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಅವನು ಸತ್ತು ನಲವತ್ತು ವರ್ಷ ದಾಟಿದ ಮೇಲೆ, 1428ರಲ್ಲಿ, ಮೂಳೆಗಳನ್ನು ಅಗೆದು ತೆಗೆದು ಸುಟ್ಟು ಬೂದಿಯನ್ನು ಹೊಳೆಗೆ ಚೆಲ್ಲಿದರು. ಆಮೇಲೆ ಬಂದವನು ವಿಲಿಯಂ ಟಿಂಡೇಲ್. 1526ರಲ್ಲಿ ಜರ್ಮನಿಯಲ್ಲಿ ಅಚ್ಚಾದ ಅವನ ಹೊಸ ಒಡಂಬಡಿಕೆ ಬಟ್ಟೆಯ ಬೇಲುಗಳಲ್ಲಿ ಅಡಗಿ ಇಂಗ್ಲೆಂಡಿಗೆ ಬಂತು. ಲಂಡನ್ನಿನ ಬಿಷಪ್ ಸುಡುವುದಕ್ಕೆಂದು ಪ್ರತಿಗಳನ್ನು ವರ್ತಕನೊಬ್ಬನ ಮೂಲಕ ಹಣ ಕೊಟ್ಟು ಕೊಂಡನಂತೆ. ಆ ಹಣ ಟಿಂಡೇಲನಿಗೇ ಸೇರಿ, ತಿದ್ದಿದ ಮುದ್ರಣಕ್ಕೆ ನೆರವಾಯಿತಂತೆ! ಆ ಕಾಲದ ಚರಿತ್ರೆಕಾರ ಹಾಲ್ ಬರೆದಿಟ್ಟ ಸಂಗತಿ ಇದು.

ಬಿಷಪ್ಪರಿಗೆ ಸಿಟ್ಟೇಕೆ? ಗ್ರೀಕಿನ ಒಂದು ಶಬ್ದಕ್ಕೆ ‘ಚರ್ಚು’ ಎನ್ನುವ ಬದಲು ಟಿಂಡೇಲ್ ‘ಕೂಡಿದ ಜನ’ ಎಂದ. ‘ಪಾದ್ರಿ’ ಎಂದಿದ್ದ ಕಡೆ ‘ಹಿರಿಯ’ ಎಂದ. ‘ಪ್ರಾಯಶ್ಚಿತ್ತ ಮಾಡು’ ಎಂದಿದ್ದ ಕಡೆ ‘ಮನಸ್ಸು ತಿರುಗಿಸು’ ಎಂಬರ್ಥದ ಮಾತಿಟ್ಟ. ಬರಿಯ ವ್ಯಾಕರಣವೆಂದು ಕಾಣುತ್ತದೆ. ಆದರೆ ಪಾದ್ರಿ ಬರಿಯ ಹಿರಿಯನಾದರೆ ಅವನ ಅಧಿಕಾರವೆಲ್ಲಿ? ಪ್ರಾಯಶ್ಚಿತ್ತ ಹೋದರೆ ಅದರ ಹುಂಡಿಗೆ ಬೀಳುವ ಕಾಸೆಲ್ಲಿ? 1536ರಲ್ಲಿ ಟಿಂಡೇಲನನ್ನು ಕತ್ತು ಬಿಗಿದು ಕೊಂದು ಸುಟ್ಟರು. ಅವನ 1526ರ ಮುದ್ರಣದಲ್ಲಿ ಇಂದು ಉಳಿದಿರುವುದು ಮೂರು ಪ್ರತಿ.

ಮುಂದಿನದನ್ನು ಗಮನವಿಟ್ಟು ಕೇಳಿ. ರಾಜ ಎಂಟನೆಯ ಹೆನ್ರಿ ತಾನೇ ಇಂಗ್ಲಿಷ್ ಬೈಬಲಿಗೆ ಅನುಮತಿ ಕೊಟ್ಟ. ಕೊಟ್ಟ ಮೇಲೆ ಹೆದರಿದ. 1543ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯದೆಯಾಯಿತು: ಶ್ರೀಮಂತರು ಮನೆಯವರನ್ನು ಕೂರಿಸಿಕೊಂಡು ಓದಬಹುದು, ವರ್ತಕರು ತಮ್ಮಷ್ಟಕ್ಕೆ ತಾವು ಓದಿಕೊಳ್ಳಬಹುದು, ಕಸಬುದಾರರು, ಕೆಲಸ ಕಲಿಯುವ ಹುಡುಗರು, ದಿನಗೂಲಿಯವರು, ಆಳುಗಳು, ಸಾಮಾನ್ಯ ರೈತರು, ಅವರ ಹೆಂಗಸರು ಓದಲೇಕೂಡದು. ವ್ಯಾಪಾರಿ ಬಂಧುಗಳೇ, ನಿಮಗೆ ರಿಯಾಯಿತಿ ಇತ್ತು, ಆದರೆ ಬಾಯಿ ಮುಚ್ಚಿಕೊಂಡು. ನಮ್ಮ ಗಿರಣಿಯ ಸಂಗಾತಿಗಳು ಅಲ್ಲಿದ್ದಿದ್ದರೆ ಒಬ್ಬರಿಗೂ ಪುಸ್ತಕ ಮುಟ್ಟುವ ಹಕ್ಕಿಲ್ಲ. 1546ರಲ್ಲಿ ಗ್ಲೌಸ್ಟರ್‌ಷೈರಿನ ಒಬ್ಬ ಕುರಿಗಾಹಿ ಬೇರೊಂದು ಪುಸ್ತಕ ಕೊಂಡು, ಅದರೊಳಗೆ ತನ್ನ ಕೈಯಾರೆ ಬರೆದಿಟ್ಟ: ಕುರಿ ಕಾಯುವವರು ಒಡಂಬಡಿಕೆ ಓದಬಾರದೆಂದು ಮಾಡಿದ್ದಾರೆ, ಈ ಕುರುಡನ್ನು ದೇವರು ಸರಿಪಡಿಸಲಿ ಎಂಬರ್ಥದಲ್ಲಿ. ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ಕೂತು ಬರೆದದ್ದು. ಆ ಪುಸ್ತಕ ಉಳಿದಿದೆ. ಮರುವರ್ಷ ರಾಜ ಸತ್ತ, ಕಾಯದೆಯೂ ರದ್ದಾಯಿತು.

1560ರಲ್ಲಿ ದೇಶಭ್ರಷ್ಟರಾದ ಇಂಗ್ಲಿಷರು ಜಿನೀವಾದಲ್ಲಿ ಇನ್ನೊಂದು ಬೈಬಲ್ ತಂದರು. ಅದರ ಅಂಚಿನಲ್ಲಿ ಟಿಪ್ಪಣಿಗಳು. ಹೀಬ್ರೂ ಗಂಡು ಕೂಸುಗಳನ್ನು ಕೊಲ್ಲಿರೆಂದು ಫರೋಹನು ಸೂಲಗಿತ್ತಿಯರಿಗೆ ಆಜ್ಞೆ ಮಾಡಿದಾಗ ಅವರು ಕೇಳಲಿಲ್ಲವಷ್ಟೆ. ರಾಜನ ಆಜ್ಞೆ ಮೀರಿದ್ದು ಅಲ್ಲಿ ನ್ಯಾಯವೇ ಎಂದು ಒಂದು ಟಿಪ್ಪಣಿ. ಒಂದನೆಯ ಜೇಮ್ಸ್ ರಾಜನಿಗೆ ಇದು ರಾಜದ್ರೋಹವಾಗಿ ಕಂಡಿತು. 1604ರಲ್ಲಿ ಹೊಸ ಅನುವಾದಕ್ಕೆ ಅಪ್ಪಣೆಯಾಯಿತು, 47 ವಿದ್ವಾಂಸರು ದುಡಿದರು, 1611ರಲ್ಲಿ ಅಚ್ಚಾಯಿತು. ಹೀಬ್ರೂ ಗ್ರೀಕ್ ಶಬ್ದಗಳ ವಿವರಣೆಯ ಹೊರತು ಅಂಚಿನಲ್ಲಿ ಟಿಪ್ಪಣಿ ಕೂಡದೆಂದು ಕಟ್ಟಳೆ. ‘ಚರ್ಚು’ ಎಂಬ ಹಳೆಯ ಮಾತನ್ನೇ ಇಡತಕ್ಕದ್ದೆಂದು ಇನ್ನೊಂದು ಕಟ್ಟಳೆ. ಆದರೂ ಆ ಅನುವಾದದ ಭಾಷೆ ಸೊಗಸಾದದ್ದೆಂದು ಒಪ್ಪಲೇಬೇಕು. ಹೊಸ ಒಡಂಬಡಿಕೆಯಲ್ಲಿ ಆ ಸೊಗಸು ಬಹುಪಾಲು ಸುಟ್ಟುಹಾಕಿದ ಟಿಂಡೇಲನದೇ.

ನಮ್ಮ ನಾಡಿಗೆ ಬಂದರೆ, ಜಾನ್ ಹ್ಯಾಂಡ್ಸ್ ಎಂಬ ಮಿಷನರಿ 1810ರಲ್ಲಿ ಬಳ್ಳಾರಿಯಲ್ಲಿ ನೆಲೆನಿಂತು ಕನ್ನಡಕ್ಕೆ ಅನುವಾದ ತೊಡಗಿದ. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆ ನಡೆಸಿದರು. ನುಡಿ ಬದಲಾದಂತೆ ಕನ್ನಡ ಅನುವಾದವೂ ಮತ್ತೆ ಮತ್ತೆ ತಿದ್ದುಪಡಿಯಾಯಿತು. ಪ್ರಾಟೆಸ್ಟೆಂಟರ ಸತ್ಯವೇದದಲ್ಲಿ ‘ಯೆಹೋವ’ ಎಂದಿರುವ ಕಡೆ ಕ್ಯಾಥೊಲಿಕರ ಕನ್ನಡ ಪುಸ್ತಕದಲ್ಲಿ ‘ಸರ್ವೇಶ್ವರ’ ಎಂದು ಕಾಣುತ್ತೀರಿ. ಹೀಬ್ರೂ ಮೂಲದಲ್ಲಿ ಆ ಜಾಗದಲ್ಲಿರುವುದು ನಾಲ್ಕು ವ್ಯಂಜನಗಳು. ಯೆಹೂದ್ಯರು ಅದನ್ನು ಬಾಯಿಬಿಟ್ಟು ಉಚ್ಚರಿಸುವುದೇ ಇಲ್ಲ.

ಮುಂದಿನ ಭಾನುವಾರ ಇಬ್ಬರು ಗೆಳೆಯರೂ ತಮ್ಮ ತಮ್ಮ ಪುಸ್ತಕ ತರಲು ಒಪ್ಪಿದ್ದಾರೆ. ವಿಮೋಚನಕಾಂಡದ ಮೊದಲ ಅಧ್ಯಾಯ, ಸೂಲಗಿತ್ತಿಯರ ಕಥೆ, ಎರಡರಲ್ಲೂ ಇದೆ. ಒಬ್ಬರು ಒಂದು ವಚನ, ಇನ್ನೊಬ್ಬರು ಅದೇ ವಚನ ಓದಲಿ. ‘ಖೋಟಾ’ ಎಂದವರು ನಡುವೆ ಕೂತು ಎಲ್ಲಿ ಏನು ವ್ಯತ್ಯಾಸವಿದೆಯೆಂದು ಬರೆದುಕೊಳ್ಳುವುದಾಗಿ ಒಪ್ಪಿದ್ದಾರೆ. ಸಹಿಯ ಕಾಗದವೂ ಅದೇ ಮೇಜಿನ ಮೇಲಿರುತ್ತದೆ. ಎರಡನೆಯ ಪಾಳಿಯವರು ಹತ್ತು ಗಂಟೆಯೊಳಗೆ ಬಂದುಬಿಡಿ.