ಊರು ಬಿಟ್ಟು ಬಂದವರ ಆರೋಗ್ಯ ಮತ್ತು ನಮ್ಮ ಹೊಣೆ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಸತ್ಯವಿಶ್ವಾಸಿ ಸಹೋದರರೇ,

ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರನ್ನು ಪ್ರವಾದಿವರ್ಯರು(ಸ) ಮದೀನಾದ ಅನ್ಸಾರರೊಂದಿಗೆ ಸಹೋದರರನ್ನಾಗಿ ಜೋಡಿಸಿದರು. ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರಿಗೆ ಮಸೀದಿಯಲ್ಲೇ ಡೇರೆ ಹಾಕಿಸಿದರು. ಅಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ರುಫೈದಾ(ರ) ಎಂಬ ಮಹಿಳೆ. ರೋಗಿಯ ಸೇವೆ ಮಸೀದಿಗೆ ಸಂಬಂಧಿಸಿದ್ದಲ್ಲ ಎನ್ನುವವರು ಈ ಡೇರೆಯನ್ನು ನೆನಪಿಸಿಕೊಳ್ಳಲಿ.

ನಮ್ಮ ನಡುವೆಯೂ ಊರು ಬಿಟ್ಟು ಬಂದವರಿದ್ದಾರೆ. ಬೈತಖೋಲ ಬಂದರಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬಲೆ ಎಳೆಯುತ್ತಾರೆ. ಕಾರವಾರ, ಅಂಕೋಲಾದ ಕಟ್ಟಡ ಕೆಲಸಕ್ಕೆ ಹೊರಗಿನವರೇ ಬರುತ್ತಾರೆ. ಒಂದು ದಿನ ಮಲಗಿದರೆ ಕೂಲಿ ಹೋಗುತ್ತದೆಂದು ಜ್ವರ ಬಂದರೂ ಹೇಳುವುದಿಲ್ಲ. ಮೆಡಿಕಲ್ ಅಂಗಡಿಯ ಮಾತ್ರೆಯಲ್ಲೇ ದಿನ ತಳ್ಳುತ್ತಾರೆ. ಆಸ್ಪತ್ರೆಗೆ ಹೋದರೆ ನೋವು ಎಲ್ಲಿ ಎಂದು ಹೇಳಲು ಭಾಷೆ ಬಾರದು, ಜೊತೆಗೆ ಯಾರೂ ಇರುವುದಿಲ್ಲ.

ಕ್ಷಯರೋಗವನ್ನೇ ನೋಡಿ. ಔಷಧ ಸರ್ಕಾರದಿಂದ ಉಚಿತ, ಆದರೆ ಸಾಮಾನ್ಯವಾಗಿ 6 ತಿಂಗಳು ಬಿಡದೆ ನುಂಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಹುಡುಗರು ಊರಿಗೆ ಹೊರಡುತ್ತಾರೆ, ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಮದ್ದು ರೋಗವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಆ ರೋಗ ಅವನ ಮನೆಯ ಮಕ್ಕಳಿಗೂ ತಗಲಬಹುದು. ಹೊರಡುವ ಮುನ್ನ ಆಸ್ಪತ್ರೆಯಲ್ಲಿ ತಿಳಿಸಿದರೆ ಚಿಕಿತ್ಸೆಯನ್ನು ಅವನ ಊರಿಗೆ ವರ್ಗಾಯಿಸುತ್ತಾರೆ. ಇದನ್ನು ಅವನಿಗೆ ಹೇಳುವವರು ಯಾರು?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕೇರಳದ ಲಾರಿ ಚಾಲಕನಿಗಾಗಿ ಗಂಗಾವಳಿ ನದಿಯಲ್ಲಿ ಹುಡುಕಾಟ ಎರಡು ತಿಂಗಳ ನಂತರವೂ ಮುಂದುವರಿಯಿತು. ಪರವೂರಿನವನ ದೇಹಕ್ಕೆ ಅಷ್ಟು ಬೆಲೆ ಕೊಟ್ಟ ನೆಲ ಇದು. ಬದುಕಿರುವ ಪರವೂರಿನವನ ಕೆಮ್ಮು ನಮಗೆ ಕೇಳಿಸಬೇಡವೇ?

ಸಹೋದರರೇ, ನಮ್ಮ ಮಕ್ಕಳೂ ದುಬೈ, ಕುವೈತ್‌ಗಳಲ್ಲಿ ಪರವೂರಿನವರೇ. ಅಲ್ಲಿ ಅವರು ಮಲಗಿದಾಗ ಯಾರಾದರೂ ನೋಡಿಕೊಳ್ಳಲಿ ಎಂದು ತಾಯಂದಿರು ದುಆ ಮಾಡುತ್ತಾರೆ. ಆ ಮಾತನ್ನು ಇಲ್ಲಿ ನಾವು ನಡೆಸಿ ತೋರಿಸೋಣ.

ಮೂರು ಕೆಲಸಗಳಿವೆ. ಒಂದು, ನಮ್ಮ ಯುವಕರಿಗೆ ಉರ್ದು ಬರುತ್ತದೆ, ಹಿಂದಿಯವರ ಮಾತು ತಿಳಿಯುತ್ತದೆ. ಸರದಿಯಂತೆ ಕಾರವಾರದ ಕ್ರಿಮ್ಸ್‌ಗೆ, ಅಂಕೋಲಾದ ತಾಲ್ಲೂಕು ಆಸ್ಪತ್ರೆಗೆ ಅವರ ಜೊತೆ ಹೋಗಲಿ. ಎರಡು, ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ತಮ್ಮ ರಾಜ್ಯದಲ್ಲಿ ಮಾಡಿಸಿದ ಕಾರ್ಡು ಯೋಜನೆಗೆ ಸೇರಿದ ಇಲ್ಲಿನ ಆಸ್ಪತ್ರೆಯಲ್ಲೂ ನಡೆಯುತ್ತದೆ. ಕಾರ್ಡು ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ವಿಚಾರಿಸಿಕೊಡಿ. ಮೂರು, ಬೋಟು, ಗುತ್ತಿಗೆ ಕೆಲಸ ಇರುವವರು ಆಳು ಆಸ್ಪತ್ರೆಗೆ ಹೋದ ದಿನದ ಕೂಲಿ ಕಡಿಯಬೇಡಿ.

ಸೂರಾ ಅತ್ತೌಬಾದ 60ನೇ ಆಯತ್ತಿನಲ್ಲಿ ಝಕಾತಿನ ಹಕ್ಕುದಾರರ ಸಾಲಿನಲ್ಲಿ ದಾರಿಹೋಕನೂ ಇದ್ದಾನೆ. ಝಕಾತಿಗೆ ಅದರ ನಿಯಮಗಳಿವೆ. ಸದಖಾಗೆ, ಸೇವೆಗೆ ಜಾತಿ ಧರ್ಮದ ಬೇಲಿಯಿಲ್ಲ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ಅವರ ಸೇವೆಯ ಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.